ನಕ್ಷೆಯ ನಾಡು, ನೆಲದ ನಾಡು

1920ರ ಆಗಸ್ಟ್ 10. ಆರ್ಮೇನಿಯಾ ಗಣರಾಜ್ಯದ ಪರವಾಗಿ ಆ ಒಂದೇ ದಿನ ಎರಡು ಊರುಗಳಲ್ಲಿ ಎರಡು ಕಾಗದಗಳಿಗೆ ಸಹಿ ಬಿತ್ತು. ಪ್ಯಾರಿಸ್ಸಿನ ಮಗ್ಗುಲಲ್ಲಿರುವ ಸೆವ್ರ್‌ನಲ್ಲಿ ಅವೆತಿಸ್ ಅಹರೋನಿಯನ್ ಸಹಿ ಹಾಕಿದ ಒಪ್ಪಂದದಂತೆ, ಮಹಾಯುದ್ಧದಲ್ಲಿ ಸೋತ ಆಟೊಮನ್ ಸರ್ಕಾರ ಆರ್ಮೇನಿಯಾವನ್ನು ಸ್ವತಂತ್ರ ರಾಜ್ಯವೆಂದು ಒಪ್ಪಿತು. ತನ್ನ ಪೂರ್ವದ ನಾಲ್ಕು ಪ್ರಾಂತ್ಯಗಳಲ್ಲಿ ಎಷ್ಟು ನೆಲ ಬಿಟ್ಟುಕೊಡಬೇಕೆಂಬುದನ್ನು ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ತೀರ್ಮಾನಿಸಲಿ ಎಂಬುದಕ್ಕೂ ಒಪ್ಪಿತು. ಅತ್ತ ಟಿಫ್ಲಿಸ್‌ನಲ್ಲಿ ಸೋವಿಯತ್ ರಷ್ಯಾದ ಜೊತೆ ಇನ್ನೊಂದು ಕರಾರು ಆಯಿತು: ಕರಾಬಾಖ್, ಝಂಗೆಝೂರ್, ನಖಿಚೆವಾನ್‌ಗಳಲ್ಲಿ ಕೆಂಪು ಸೇನೆ ತಾತ್ಕಾಲಿಕವಾಗಿ ಬೀಡುಬಿಡಬಹುದು. ಕಣ್ಣಿಗೆ ಕಾಣದ ನೆಲ ಕೈಗೆ ಬಂದ ದಿನವೇ ಕಾಲಡಿಯ ನೆಲ ಜಾರತೊಡಗಿತ್ತು. ನಾಲ್ಕು ತಿಂಗಳು ತುಂಬುವ ಮೊದಲೇ ಆ ರಾಜ್ಯವೂ ಮುಗಿದಿತ್ತು.

ಒಂದು ರಾಜ್ಯ ರಾಜ್ಯವಾಗುವುದು ಲೋಕ ಒಪ್ಪುವುದರಿಂದಲೋ, ತಾನು ಕಾಲೂರಿ ನಿಲ್ಲುವುದರಿಂದಲೋ? ಎರಡೂ ಬೇಕು ಎನ್ನುವುದು ರಾಜ್ಯಶಾಸ್ತ್ರದ ತರಗತಿಯ ಉತ್ತರ. ಎರಡೂವರೆ ವರ್ಷ ಬಾಳಿದ ಆರ್ಮೇನಿಯಾದ ಕತೆಯಲ್ಲಿ ನನಗೆ ಕಾಣುವುದು ಅಷ್ಟು ಸಮಾಧಾನದ ಉತ್ತರವಲ್ಲ. ಅಲ್ಲಿ ಲೋಕದ ಒಪ್ಪಿಗೆ ಹಿಗ್ಗಿದಂತೆಲ್ಲ ನೆಲ ಕುಗ್ಗಿತು. ಇದು ಬರೀ ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ.

ಆ ರಾಜ್ಯ ಹುಟ್ಟಿದ್ದೇ ಒಲ್ಲದ ಮನಸ್ಸಿನಿಂದ. ಝಾರ್ ಸಾಮ್ರಾಜ್ಯ ಕುಸಿದ ಮೇಲೆ ಜಾರ್ಜಿಯನ್ನರು, ಆರ್ಮೇನಿಯನ್ನರು, ಅಝರ್ಬೈಜಾನಿಗಳು ಸೇರಿ 1918ರ ಏಪ್ರಿಲ್‌ನಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡಿದ್ದರು. ಅದು ಬಾಳಿದ್ದು ಐದು ವಾರ. ಮೇ 26ರಂದು ಜಾರ್ಜಿಯಾ ಜರ್ಮನಿಯ ಆಸರೆ ನೆಚ್ಚಿಕೊಂಡು ಹೊರಬಿತ್ತು. 28ಕ್ಕೆ ಅಝರ್ಬೈಜಾನ್ ಕೂಡ. ಟಿಫ್ಲಿಸ್‌ನಲ್ಲಿದ್ದ ಆರ್ಮೇನಿಯನ್ ರಾಷ್ಟ್ರೀಯ ಮಂಡಳಿಗೆ ಬೇರೆ ದಾರಿ ಉಳಿಯಲಿಲ್ಲ. ಅದು ಹೊರಡಿಸಿದ ಘೋಷಣೆಯಲ್ಲಿ ‘ಸ್ವಾತಂತ್ರ್ಯ’ ಎಂಬ ಪದವೇ ಇಲ್ಲ. ಆರ್ಮೇನಿಯನ್ ಪ್ರಾಂತ್ಯಗಳ ಆಡಳಿತವನ್ನು ಇನ್ನು ಮುಂದೆ ನಾವೇ ನೋಡಿಕೊಳ್ಳುತ್ತೇವೆ ಎಂಬಷ್ಟೇ ಅದರ ಧಾಟಿ. ಮನೆಯವರೆಲ್ಲ ಎದ್ದು ಹೋದ ಮೇಲೆ ಉಳಿದವನು ಬೀಗದ ಕೈ ಎತ್ತಿಕೊಂಡ ಹಾಗೆ.

ಆದರೆ ಅದೇ ವಾರ, ಯೆರೆವಾನ್‌ನಿಂದ ಹತ್ತಾರು ಕಿಲೋಮೀಟರ್ ದೂರದ ಸರ್ದಾರಪಾತ್‌ನಲ್ಲಿ ಬೇರೆಯದೇ ನಡೆಯುತ್ತಿತ್ತು. ಮುನ್ನುಗ್ಗಿ ಬರುತ್ತಿದ್ದ ಆಟೊಮನ್ ಸೇನೆಯನ್ನು ಅಲ್ಲಿ ಸೈನಿಕರ ಜೊತೆಗೆ ರೈತರು, ಪಾದ್ರಿಗಳು, ನಿರಾಶ್ರಿತರೂ ಎದುರಿಸಿದರು. ಎಚ್ಮಿಯಾಡ್ಜಿನ್ ಮಠವನ್ನು ಬಿಟ್ಟು ಹೊರಡಿ ಎಂದಾಗ ಧರ್ಮಗುರು ಐದನೇ ಗೆವೋರ್ಗ್ ಒಪ್ಪಲಿಲ್ಲ. ಚರ್ಚುಗಳ ಗಂಟೆಗಳು ಮೊಳಗುತ್ತಲೇ ಇದ್ದವು. ಬಷ್ ಅಬರಾನ್‌ನಲ್ಲೂ ತಡೆಯಾಯಿತು. ಜೂನ್ 4ರ ಬಟೂಮ್ ಒಪ್ಪಂದ ಇವರಿಗೆ ಉಳಿಸಿದ್ದು ಹತ್ತು ಹನ್ನೆರಡು ಸಾವಿರ ಚದರ ಕಿಲೋಮೀಟರಿನ ಕಲ್ಲುನೆಲ. ಆದರೂ ಸರ್ದಾರಪಾತ್ ಸೋತಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ. ರಾಜ್ಯ ಹುಟ್ಟಿದ್ದು ಟಿಫ್ಲಿಸ್‌ನ ಕಾಗದದಲ್ಲಲ್ಲ, ಈ ಬಯಲಿನಲ್ಲಿ ಎನ್ನುವುದು ಆರ್ಮೇನಿಯನ್ನರ ಸಾಮಾನ್ಯ ಮಾತು. ನಾನೂ ಅದನ್ನು ಒಪ್ಪುತ್ತೇನೆ.

ಪ್ರಧಾನಿ ಹೊವ್ಹಾನ್ನೆಸ್ ಕಾಜಾಝ್ನೂನಿ ಮತ್ತು ಮಂತ್ರಿಗಳು ಜುಲೈನಲ್ಲಿ ಯೆರೆವಾನ್‌ಗೆ ಬಂದಾಗ ಅದೊಂದು ಧೂಳು ತುಂಬಿದ ಜಿಲ್ಲಾ ಪಟ್ಟಣ. ಆರ್ಮೇನಿಯನ್ನರ ದುಡ್ಡು, ವಿದ್ಯೆ, ಪತ್ರಿಕೆ, ರಂಗಭೂಮಿ ಎಲ್ಲ ಇದ್ದದ್ದು ಟಿಫ್ಲಿಸ್, ಬಾಕುಗಳಲ್ಲಿ. 1915ರ ನರಮೇಧದಿಂದ ಜೀವ ಉಳಿಸಿಕೊಂಡು ವಾನ್, ಎರ್ಝುರುಮ್ ಕಡೆಗಳಿಂದ ಓಡಿ ಬಂದ ಸುಮಾರು ಮೂರು ಲಕ್ಷ ಜನ ಆ ಕಲ್ಲುನೆಲದ ಮೇಲೆ ಬಿದ್ದುಕೊಂಡಿದ್ದರು. ಮೊದಲ ಚಳಿಗಾಲದಲ್ಲಿ ಹಸಿವು, ಟೈಫಸ್ ಜ್ವರ ಸೇರಿ ಕೊಂದವರ ಸಂಖ್ಯೆ ಎರಡು ಲಕ್ಷದಷ್ಟು, ಅಂದರೆ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. 1918ರ ಮೇನಲ್ಲಿ ಯೆರೆವಾನ್ ರಕ್ಷಣೆಯನ್ನು ಸಂಘಟಿಸಿದ್ದ ಒಳಾಡಳಿತ ಮಂತ್ರಿ ಅರಾಮ್ ಮನೂಕಿಯನ್ ಕೂಡ 1919ರ ಜನವರಿಯಲ್ಲಿ ಅದೇ ಟೈಫಸ್‌ಗೆ ಬಲಿಯಾದರು. ಅಮೆರಿಕದ ಪರಿಹಾರ ಸಂಸ್ಥೆಗಳ ಹಿಟ್ಟು ಬರದಿದ್ದರೆ ಉಳಿದವರ ಗತಿಯೂ ಅದೇ ಆಗುತ್ತಿತ್ತು. ಸರ್ಕಾರವೆಂದರೆ ಆಗ ಹಿಟ್ಟು ಹಂಚುವುದು, ಹೆಣ ಹೂಳುವುದು, ಅನಾಥ ಮಕ್ಕಳಿಗೆ ಸೂರು ಹುಡುಕುವುದು.

ಆ ಹೊತ್ತಿನಲ್ಲೇ ಅವರು ಮಾಡಿದ ಬೇರೆ ಕೆಲಸಗಳನ್ನು ನೋಡಿದರೆ ಅಚ್ಚರಿಯಾಗುತ್ತದೆ. 1919ರ ಜೂನ್‌ನಲ್ಲಿ ಚುನಾವಣೆ ನಡೆಯಿತು. ಹೆಂಗಸರು ಮತ ಹಾಕಿದರು, 80 ಜನರ ಸಂಸತ್ತಿಗೆ ಮೂವರು ಮಹಿಳೆಯರು ಆಯ್ಕೆಯಾದರು. 1920ರ ಜನವರಿಯಲ್ಲಿ ಅಲೆಕ್ಸಾಂದ್ರೊಪೊಲ್‌ನಲ್ಲಿ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ವಾಸ್ತುಶಿಲ್ಪಿ ಅಲೆಕ್ಸಾಂಡರ್ ತಮಾನಿಯನ್ ಬಂದು ಸೇರಿದರು. ರಾಜ್ಯದ ಲಾಂಛನಕ್ಕೆ ರೂಪ ಕೊಟ್ಟರು. ಇದನ್ನು ಚಿನ್ನದ ಯುಗವೆಂದು ಬಣ್ಣಿಸುವುದೂ ತಪ್ಪು. ಸಂಸತ್ತಿನ 72 ಸ್ಥಾನಗಳು ದಶ್ನಾಕ್ ಪಕ್ಷದ್ದೇ, ವಿರೋಧವೆಂಬುದು ಹೆಸರಿಗಷ್ಟೇ. ಜಾರ್ಜಿಯಾದೊಡನೆ ಒಂದು ಸಣ್ಣ ಯುದ್ಧ, ಅಝರ್ಬೈಜಾನ್‌ನೊಡನೆ ಮುಗಿಯದ ಜಗಳ. ಆ ಜಗಳದಲ್ಲಿ ಮನೆ ಬಿಟ್ಟು ಓಡಬೇಕಾದ ಮುಸ್ಲಿಂ ಹಳ್ಳಿಗರ ಕತೆ ಆರ್ಮೇನಿಯನ್ ನೆನಪುಗಳಲ್ಲಿ ಅಷ್ಟಾಗಿ ಬರುವುದಿಲ್ಲ.

ಯೆರೆವಾನ್‌ನಲ್ಲಿ ಹಿಟ್ಟಿನ ಮೂಟೆ ಎಣಿಸುತ್ತಿದ್ದಾಗ ಪ್ಯಾರಿಸ್‌ನ ಶಾಂತಿ ಸಮ್ಮೇಳನದಲ್ಲಿ ನಕ್ಷೆ ಬಿಚ್ಚಿಕೊಂಡಿತ್ತು. ಆರ್ಮೇನಿಯನ್ನರ ಪರ ಹೋದದ್ದು ಎರಡು ನಿಯೋಗಗಳು: ಗಣರಾಜ್ಯದ ಪರ ಅಹರೋನಿಯನ್, ತುರ್ಕಿಯ ಆರ್ಮೇನಿಯನ್ನರ ಪರ ಬೊಘೋಸ್ ನುಬಾರ್ ಪಾಷಾ. ಇಬ್ಬರೂ ಸೇರಿ ಕೇಳಿದ್ದು ಮೆಡಿಟರೇನಿಯನ್ ತೀರದ ಸಿಲಿಸಿಯಾದಿಂದ ಕಪ್ಪು ಸಮುದ್ರದವರೆಗಿನ ನಾಡು. ಕೇಳಿದವರನ್ನು ಯಾರೂ ಗದರಲಿಲ್ಲ, ಬದಲಿಗೆ ತಲೆದೂಗಿದರು. 1920ರ ಜನವರಿಯಲ್ಲಿ ಮಿತ್ರರಾಷ್ಟ್ರಗಳ ಮಾನ್ಯತೆ ಬಂತು, ಏಪ್ರಿಲ್‌ನಲ್ಲಿ ಅಮೆರಿಕದ್ದು. ಆದರೆ ಬ್ರಿಟಿಷ್ ಪಡೆಗಳು ಅಷ್ಟರಲ್ಲಾಗಲೇ ಕಾಕಸಸ್ ಬಿಟ್ಟು ಹೊರಟಿದ್ದವು. ಆರ್ಮೇನಿಯಾದ ಹೊಣೆ ಹೊರಲು 59 ಸಾವಿರ ಸೈನಿಕರು ಬೇಕೆಂದು ಅಮೆರಿಕದ ಜನರಲ್ ಹಾರ್ಬರ್ಡ್ ಲೆಕ್ಕ ಹಾಕಿದ್ದರು. 1920ರ ಜೂನ್ 1ರಂದು ಸೆನೆಟ್ 52–23 ಮತಗಳಿಂದ ಆ ಹೊಣೆಯನ್ನು ತಳ್ಳಿಹಾಕಿತು. ನವೆಂಬರ್ 22ರಂದು ವಿಲ್ಸನ್ ತಮ್ಮ ಗಡಿರೇಖೆಗೆ ಮುದ್ರೆಯೊತ್ತಿ, ಒಂದು ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕ ನೆಲವನ್ನು ಆರ್ಮೇನಿಯಾಕ್ಕೆ ಬರೆದುಕೊಟ್ಟರು. ಕಾಝಿಮ್ ಕಾರಾಬೆಕಿರ್‌ನ ತುರ್ಕಿ ಸೇನೆ ಅಲೆಕ್ಸಾಂದ್ರೊಪೊಲ್ ಹೊಕ್ಕು ಆಗಲೇ ಎರಡು ವಾರ ಕಳೆದಿತ್ತು.

ಇಂಥ ಕೊಡುಗೆಯಿಂದ ಲಾಭವಿಲ್ಲದಿದ್ದರೂ ನಷ್ಟವೇನು ಎಂದು ಕೇಳಬಹುದು. ನಷ್ಟ ಇತ್ತು. ಅಂಕಾರಾದಲ್ಲಿ ಮುಸ್ತಫಾ ಕೆಮಾಲ್‌ನ ಬೆಂಬಲಿಗರಿಗೆ ಸೆವ್ರ್ ತಮ್ಮ ನಾಡಿನ ಮರಣಪತ್ರ. ಅದರಲ್ಲಿ ಪಾಲು ಪಡೆದವರಲ್ಲಿ ಕೈಗೆ ಸಿಗುವಂಥ ದುರ್ಬಲ ರಾಜ್ಯವೆಂದರೆ ಆರ್ಮೇನಿಯಾ. ಮಾಸ್ಕೋಗೆ ಅದು ಮಿತ್ರರಾಷ್ಟ್ರಗಳ ಬಾಲಂಗೋಚಿ. ಅತ್ತ ದರಿ ಇತ್ತ ಪುಲಿ ಎಂಬ ಸ್ಥಿತಿಯಲ್ಲಿ ಯಾರಾದರೊಬ್ಬರ ಜೊತೆ ಬೇಗ ರಾಜಿಯಾಗಬೇಕಿತ್ತು. ಆದರೆ ಲಕ್ಷ ಚದರ ಕಿಲೋಮೀಟರಿನ ಆಸೆ ಕಣ್ಣೆದುರಿರುವಾಗ ಹತ್ತು ಸಾವಿರಕ್ಕೆ ಚೌಕಾಸಿ ಮಾಡುವ ಮನಸ್ಸು ಯಾರಿಗೆ ಬರುತ್ತದೆ? ಸೆವ್ರ್ ಅವರಿಗೆ ಶತ್ರುಗಳನ್ನು ಕೊಟ್ಟಿತು, ಕೋವಿ ಕೊಡಲಿಲ್ಲ. ಎಷ್ಟೋ ಬಲವಾದ ಕಾರ್ಸ್ ಕೋಟೆ ಅಕ್ಟೋಬರ್ 30ರ ಒಂದೇ ದಿನದಲ್ಲಿ ಬಿದ್ದುಹೋಯಿತು. ಎರಡು ವರ್ಷದ ಹಿಂದೆ ಕೋಟೆಯಿಲ್ಲದ ಬಯಲಿನಲ್ಲಿ ನಿಂತವರು ಇವರೇ. ದಣಿವು, ಹಸಿವು, ಬೊಲ್ಶೆವಿಕ್ ಪ್ರಚಾರ ಎಲ್ಲವೂ ಕಾರಣವೇ. ಯಾರೋ ಬಂದು ಕಾಪಾಡುತ್ತಾರೆಂಬ ಎಣಿಕೆಯೂ ಅದರಲ್ಲಿ ಸೇರಿತ್ತೆಂದು ನನ್ನ ಊಹೆ. ಸರ್ದಾರಪಾತ್‌ನಲ್ಲಿ ಅಂಥ ಎಣಿಕೆಗೆ ಜಾಗವೇ ಇರಲಿಲ್ಲ.

ಈ ವಾದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ಒಂದು, ಸೆವ್ರ್‌ನ ಗೊಡವೆಯೇ ಇಲ್ಲದ ಅಝರ್ಬೈಜಾನ್ 1920ರ ಏಪ್ರಿಲ್‌ನಲ್ಲೇ ಕೆಂಪು ಸೇನೆಗೆ ಬಿತ್ತು, ಜಾರ್ಜಿಯಾ 1921ರ ಫೆಬ್ರುವರಿಯಲ್ಲಿ. ಹಾಗಿದ್ದಮೇಲೆ ಆರ್ಮೇನಿಯಾ ಬಿದ್ದದ್ದಕ್ಕೆ ಕಾಗದವನ್ನು ಏಕೆ ದೂರಬೇಕು? ಎರಡು, ವಾನ್ ಸರೋವರದ ದಡದಲ್ಲಿ ತಲೆಮಾರುಗಳು ಬಾಳಿದ ಜನಕ್ಕೆ ಯೆರೆವಾನ್ ಪರವೂರು. ನಿಮ್ಮ ಊರನ್ನು ಮರೆಯಿರಿ, ರಾಜಿಯಾಗೋಣ ಎಂದು ಅವರ ಮುಂದೆ ಹೇಳಬಲ್ಲ ನಾಯಕ ಆ ಕಾಲದಲ್ಲಿ ಹುಟ್ಟಿರಲಿಲ್ಲ, ಹುಟ್ಟಿದ್ದರೂ ಬಾಳುತ್ತಿರಲಿಲ್ಲ. ಎರಡನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮೊದಲನೆಯದನ್ನು ಒಪ್ಪುತ್ತೇನೆ: ಮಾಸ್ಕೋ ಬಂದೇ ಬರುತ್ತಿತ್ತು. ಪ್ರಶ್ನೆ ಇರುವುದು ಬೀಳುವಾಗ ಕೈಯಲ್ಲಿ ಏನು ಉಳಿಯಿತು ಎಂಬಲ್ಲಿ.

ಆ ಲೆಕ್ಕ ನೋಡಿ. ವಿಲ್ಸನ್ ಬರೆದುಕೊಟ್ಟ ಒಂದು ಗೇಣೂ ಉಳಿಯಲಿಲ್ಲ. 1923ರ ಲೌಸಾನ್ ಒಪ್ಪಂದದಲ್ಲಿ ಆರ್ಮೇನಿಯಾದ ಹೆಸರೂ ಇಲ್ಲ. 1921ರ ಮಾಸ್ಕೋ, ಕಾರ್ಸ್ ಒಪ್ಪಂದಗಳಲ್ಲಿ ಕಾರ್ಸ್ ಕೋಟೆಯೂ ಅರಾರತ್ ಪರ್ವತವೂ ತುರ್ಕಿಗೆ ಹೋದವು. ಉಳಿದದ್ದು 1918ರಲ್ಲಿ ಕಾದ ಯೆರೆವಾನ್ ಬಯಲು. ಜೊತೆಗೆ ಝಂಗೆಝೂರ್: ಯೆರೆವಾನ್ 1920ರ ಡಿಸೆಂಬರ್‌ನಲ್ಲಿ ಸೋವಿಯತ್ತಾದ ಮೇಲೂ ಗರೆಗಿನ್ ನ್ಝ್‌ದೆಹ್‌ನ ಜನ ಆ ಬೆಟ್ಟಗಳಲ್ಲಿ 1921ರ ಜುಲೈವರೆಗೆ ಹೋರಾಡಿದರು. ಅದು ಸೋವಿಯತ್ ಆರ್ಮೇನಿಯಾದೊಳಗೇ ಉಳಿಯಿತು. ಕರಾಬಾಖ್, ನಖಿಚೆವಾನ್‌ಗಳು ಅಝರ್ಬೈಜಾನ್‌ಗೆ ಹೋದವು. 1991ರಲ್ಲಿ ಮತ್ತೆ ಸ್ವತಂತ್ರವಾದ ಆರ್ಮೇನಿಯಾದ ಗಡಿ ಈ ಸೋವಿಯತ್ ಗಡಿಯೇ. ಕೆಂಪು, ನೀಲಿ, ಕಿತ್ತಳೆ ಬಣ್ಣದ ಬಾವುಟ ಮಾತ್ರ ಆ ಎರಡೂವರೆ ವರ್ಷದ್ದು.

ಇಲ್ಲೊಂದು ಪಕ್ಕದ ಮಾತು. ಆರ್ಮೇನಿಯನ್ನರ ಮೊದಲ ಸಂವಿಧಾನದ ಕರಡು ಅಚ್ಚಾದದ್ದು ನಮ್ಮ ಮದರಾಸಿನಲ್ಲಿ, ಹದಿನೆಂಟನೆಯ ಶತಮಾನದಲ್ಲಿ. ಅಲ್ಲಿನ ಆರ್ಮೇನಿಯನ್ ವರ್ತಕ ಶಹಾಮೀರ್ ಶಹಾಮೀರಿಯನ್ ತನ್ನದೇ ಮುದ್ರಣಾಲಯದಿಂದ ಹೊರತಂದ ಆ ಪುಸ್ತಕದಲ್ಲಿ ಚುನಾಯಿತ ಸಭೆ, ಕಾನೂನು ಎಲ್ಲ ಇದೆ. ಇಲ್ಲದ್ದು ರಾಜ್ಯ ಮಾತ್ರ. ಕೂಸು ಹುಟ್ಟುವ ಮುನ್ನ ಕುಲಾವಿ ಎಂದು ನಗಬಹುದು. ಆದರೆ ಅದಕ್ಕೂ ವಿಲ್ಸನ್‌ನ ನಕ್ಷೆಗೂ ವ್ಯತ್ಯಾಸವಿದೆ: ಶಹಾಮೀರಿಯನ್ ಯಾರಿಂದಲೂ ನೆಲ ಕೊಡಿಸುತ್ತೇನೆ ಎನ್ನಲಿಲ್ಲ, ನೆಲ ಸಿಕ್ಕರೆ ಹೇಗೆ ಆಳಿಕೊಳ್ಳಬೇಕೆಂದು ಬರೆದ.

ಕಾಜಾಝ್ನೂನಿ 1923ರಲ್ಲಿ ಬುಖಾರೆಸ್ಟ್‌ನಲ್ಲಿ ಸೇರಿದ ತನ್ನದೇ ದಶ್ನಾಕ್ ಪಕ್ಷದ ಸಭೆಗೆ ಕಟುವಾದ ವರದಿ ಒಪ್ಪಿಸಿ, ಈ ಪಕ್ಷಕ್ಕೆ ಇನ್ನು ಮಾಡುವ ಕೆಲಸವಿಲ್ಲ ಎಂದರು. ಆಮೇಲೆ ಸೋವಿಯತ್ ಆರ್ಮೇನಿಯಾಕ್ಕೇ ಹೋಗಿ ನೆಲೆಸಿದರು. ಸ್ಟಾಲಿನ್ ಕಾಲದಲ್ಲಿ ಸೆರೆಯಾಗಿ 1938ರಲ್ಲಿ ಅಲ್ಲೇ ತೀರಿಕೊಂಡರು.

ನನಗೆ ಹೆಚ್ಚು ನೆನಪಾಗುವವರು ಡಯಾನಾ ಅಬ್ಗಾರ್. ರಂಗೂನಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಓದಿ, ಗಂಡನ ವ್ಯಾಪಾರದ ಜೊತೆ ಜಪಾನಿಗೆ ಹೋದ ಹೆಂಗಸು. 1920ರಲ್ಲಿ ಗಣರಾಜ್ಯ ಅವರನ್ನು ಜಪಾನಿಗೆ ಗೌರವ ಕಾನ್ಸಲ್ ಆಗಿ ನೇಮಿಸಿತು. ನೇಮಿಸಿದ ರಾಜ್ಯ ಅದೇ ವರ್ಷ ಮುಗಿಯಿತು, ಹುದ್ದೆಯೂ ಹೋಯಿತು. ಆದರೆ ಸೈಬೀರಿಯಾ ದಾಟಿ, ವ್ಲಾದಿವೊಸ್ತೋಕ್‌ನಿಂದ ಹಡಗು ಹತ್ತಿ ಬರುವ ಆರ್ಮೇನಿಯನ್ ನಿರಾಶ್ರಿತರಿಗೆ ಯೊಕೊಹಾಮಾದಲ್ಲಿ ಗೊತ್ತಿದ್ದದ್ದು ಆಕೆಯ ವಿಳಾಸ ಒಂದೇ. ಮಲಗಲು ಜಾಗ, ಅಮೆರಿಕಕ್ಕೆ ಹೋಗಲು ಕಾಗದಪತ್ರ ಎಂದು ಅವರು ಬಾಗಿಲು ತಟ್ಟುತ್ತಿದ್ದರು. ಆಕೆ ತೆರೆಯುತ್ತಿದ್ದರು.