ಪರಿಹಾರದ ಲೆಕ್ಕ, ಬದುಕಿನ ಲೆಕ್ಕ

ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದ ಭೂಸ್ವಾಧೀನಕ್ಕೆ ರಾಜ್ಯ ಸಚಿವ ಸಂಪುಟವು 2025ರ ಸೆಪ್ಟೆಂಬರ್‌ನಲ್ಲಿ ದರವನ್ನು ನಿಗದಿಪಡಿಸಿತು. ಮುಳುಗಡೆಯಾಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ ರೂಪಾಯಿ. ಆಲಮಟ್ಟಿ ಜಲಾಶಯದ ಮಟ್ಟವು 519.60 ಮೀಟರಿನಿಂದ 524.256 ಮೀಟರಿಗೆ ಏರಿದಾಗ ಸುಮಾರು 75 ಸಾವಿರ ಎಕರೆ ಭೂಮಿ ನೀರಿನ ಪಾಲಾಗಲಿದೆ. ರೈತರ ದೀರ್ಘ ಹೋರಾಟದ ಫಲವಾದ ಈ ನಿರ್ಣಯವನ್ನು ನಾವು ಸ್ವಾಗತಿಸುತ್ತೇವೆ. ಆದರೆ ದರ ನಿಗದಿಯಾದ ಮಾತ್ರಕ್ಕೆ ಬದುಕಿನ ಲೆಕ್ಕ ಮುಗಿಯುವುದಿಲ್ಲ.

ಈ ಮಾತಿನ ಸತ್ಯವನ್ನು ಬಾಗಲಕೋಟೆಯ ಜನ ಬಲ್ಲರು. 1964ರಲ್ಲಿ ಆಲಮಟ್ಟಿಗೆ ಶಂಕುಸ್ಥಾಪನೆಯಾಯಿತು. ಮುಂದೆ ಹಳೆಯ ಊರಿನ ತಗ್ಗಿನ ಓಣಿಗಳು ಹಿನ್ನೀರಿಗೆ ಸೇರಿ, ನವನಗರ ಎದ್ದು ನಿಂತಿತು. ಹೊಲದ ಒಡೆಯನಿಗೆ ಹೊಲದ ಬೆಲೆ ಬಂದೀತು. ಆ ಹೊಲದ ಕೂಲಿಯನ್ನೇ ನಂಬಿದವರಿಗೆ, ಆ ಊರಿನ ಗಿರಾಕಿಗಳನ್ನೇ ನಂಬಿದ ಬಡಿಗ, ಕಂಬಾರ, ಸಣ್ಣ ಅಂಗಡಿಕಾರರಿಗೆ ಎಕರೆಯ ದರ ಏನು ಹೇಳೀತು?

ಇಂತಹ ಪ್ರಶ್ನೆಗಳಿಗೆ ಉತ್ತರ ಹುಡುಕುವ ವಿದ್ಯೆಯೇ ಸುಸ್ಥಿರ ಅಭಿವೃದ್ಧಿಯ ನಿರ್ವಹಣೆ. ಇಂದಿನ ಅಗತ್ಯವನ್ನು ಪೂರೈಸುವಾಗ ಮುಂದಿನ ಪೀಳಿಗೆಯ ಪಾಲನ್ನು ಕಸಿಯಬಾರದೆಂಬ ತತ್ತ್ವವನ್ನು 1987ರಲ್ಲಿ ಬ್ರಂಟ್‌ಲ್ಯಾಂಡ್ ಆಯೋಗವು ಜಗತ್ತಿನ ಮುಂದಿಟ್ಟಿತು. 2015ರಲ್ಲಿ ವಿಶ್ವಸಂಸ್ಥೆಯು 17 ಗುರಿಗಳನ್ನು ಅಂಗೀಕರಿಸಿತು. ಸ್ನಾತಕೋತ್ತರ ವಿದ್ಯಾರ್ಥಿಗಳು ಇದರಲ್ಲಿ ಪರಿಸರ ಪರಿಣಾಮದ ಅಧ್ಯಯನ, ಸಾಮಾಜಿಕ ಪರಿಣಾಮದ ಅಧ್ಯಯನ, ಜನರ ಸಹಭಾಗಿತ್ವದ ಯೋಜನೆ ಮೊದಲಾದ ವಿಧಾನಗಳನ್ನು ಕಲಿಯುತ್ತಾರೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. 2013ರ ಭೂಸ್ವಾಧೀನ ಕಾಯ್ದೆಯು ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಕಡ್ಡಾಯಗೊಳಿಸಿತು. ಆದರೆ ಬೇರೆ ಕಾನೂನಿನಂತೆ ಪರಿಸರ ಪರಿಣಾಮದ ಅಧ್ಯಯನ ನಡೆಯಬೇಕಾದ ನೀರಾವರಿ ಯೋಜನೆಗಳಿಗೆ ಅದೇ ಕಾಯ್ದೆ ವಿನಾಯಿತಿಯನ್ನೂ ನೀಡಿತು. ಅಂದರೆ ನಮ್ಮ ಭಾಗದ ಜನರನ್ನು ಅತಿ ಹೆಚ್ಚು ಒಕ್ಕಲೆಬ್ಬಿಸುವ ಬಗೆಯ ಯೋಜನೆಗೇ ಆ ಲೆಕ್ಕ ತಪ್ಪಿಹೋಗಬಹುದು. ಕಾನೂನು ಕೇಳದ ಲೆಕ್ಕವನ್ನು ವಿದ್ಯೆಯಾದರೂ ಕೇಳಬೇಕು.

ಸಂಸ್ಥೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 1963ರಲ್ಲಿ ಆರಂಭವಾದ ಬಸವೇಶ್ವರ ಇಂಜಿನಿಯರಿಂಗ್ ಮಹಾವಿದ್ಯಾಲಯವಿದೆ. 2008ರಲ್ಲಿ ಸ್ಥಾಪನೆಯಾದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವಿದೆ. ಇಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳು ಮುಳುಗಡೆಯ ಹಳ್ಳಿಗಳಿಂದಲೇ ಹುಟ್ಟಲಿ. ಸ್ಥಳಾಂತರಕ್ಕೆ ಮೊದಲು ಪ್ರತಿ ಮನೆಯ ದುಡಿಮೆ, ಸಾಲ, ದನಕರು, ಮಕ್ಕಳ ಶಾಲೆ ದಾಖಲಾಗಲಿ. ಐದು ವರ್ಷಗಳ ನಂತರ ಅದೇ ಮನೆಗಳನ್ನು ಮತ್ತೊಮ್ಮೆ ಕಂಡು ಹೋಲಿಸಲಿ.

ಈ ಕ್ರಮ ಮುಳುಗಡೆಗೆ ಮಾತ್ರ ಸೀಮಿತವಲ್ಲ. 2019ರ ಆಗಸ್ಟ್‌ನಲ್ಲಿ ಉಕ್ಕಿದ ಮಲಪ್ರಭೆಯು ಬಾದಾಮಿ ತಾಲ್ಲೂಕಿನ ದಂಡೆಯ ಹಳ್ಳಿಗಳನ್ನೂ ವಿಶ್ವಪರಂಪರೆಯ ತಾಣವಾದ ಪಟ್ಟದಕಲ್ಲನ್ನೂ ಹೊಕ್ಕಳು. ಅಲ್ಲಿ ನದಿಯ ಪಾತ್ರ, ಹೊಲ, ಸ್ಮಾರಕ ಮೂರನ್ನೂ ಒಟ್ಟಿಗೆ ನೋಡುವವರು ಬೇಕು. ಇಳಕಲ್ಲಿನ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಮನೆಯೊಳಗೆ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವವರ ಗಳಿಕೆಯನ್ನು ಸೀರೆಯ ಕೀರ್ತಿಯಿಂದ ಅಳೆಯಲಾಗದು. ಅಲ್ಲಿಯ ಕೆಂಪು ಗ್ರಾನೈಟ್ ಒಮ್ಮೆ ತೆಗೆದರೆ ಮತ್ತೆ ಬೆಳೆಯುವಂಥದಲ್ಲ.

ಹುನಗುಂದ ತಾಲ್ಲೂಕಿನ ಕೂಡಲಸಂಗಮವು ನಮಗೊಂದು ಪಾಠವಾಗಿದೆ. ಹಿನ್ನೀರು ಆವರಿಸಿದಾಗ ಬಸವಣ್ಣನವರ ಐಕ್ಯಮಂಟಪಕ್ಕೆ ಸುತ್ತಲೂ ಎತ್ತರದ ಗೋಡೆ ಕಟ್ಟಿ ಉಳಿಸಿಕೊಳ್ಳಲಾಯಿತು. ಅದರ ಬೆಲೆ ಎಲ್ಲರಿಗೂ ಕಾಣುತ್ತಿದ್ದುದರಿಂದ ಅದು ಉಳಿಯಿತು. ಬಡವರ ಬದುಕಿನ ಬೆಲೆಯೂ ಹಾಗೆಯೇ ಕಾಣಬೇಕಾದರೆ ಅದು ಬರಹಕ್ಕಿಳಿಯಬೇಕು.

ಕಾಯಕವನ್ನು ಕಳೆದುಕೊಂಡವನಿಗೆ ಹಣ ಆಸರೆಯಾದೀತೇ ಹೊರತು ಕಾಯಕವಾಗದು ಎಂಬುದು ಶರಣರ ದಾರಿಯಲ್ಲಿ ನಡೆವವರಿಗೆ ಹೊಸ ಮಾತಲ್ಲ. ಆದ್ದರಿಂದ ಭಕ್ತರಲ್ಲಿ ನಮ್ಮ ವಿನಂತಿಯಿಷ್ಟೆ: ಉನ್ನತ ವ್ಯಾಸಂಗಕ್ಕೆ ಹೊರಟ ಮಕ್ಕಳಿಗೆ ಈ ವಿದ್ಯೆಯನ್ನೂ ಪರಿಚಯಿಸಿರಿ. ಅಧ್ಯಯನಕ್ಕೆಂದು ಬಂದ ವಿದ್ಯಾರ್ಥಿಗೆ ಮನೆಯ ಬಾಗಿಲು ತೆರೆದು ನಿಜವನ್ನು ಹೇಳಿರಿ. ಅವರಿಗೆ ಊಟ, ವಸತಿಯ ಆಸರೆ ನೀಡುವುದು ಮಠಗಳಿಗೂ ದಾಸೋಹವೇ ಆದೀತು.