ಸಾಂಕ್ರಾಮಿಕದ ಗಣಿತ: ಮರೆತುಹೋದ ಷರತ್ತುಗಳು

ಸಾಂಕ್ರಾಮಿಕ ರೋಗದ ಹಾದಿಯನ್ನು ಸಮೀಕರಣಗಳಲ್ಲಿ ಹಿಡಿದಿಡುವ ಯತ್ನ ಹೊಸದೇನಲ್ಲ. 1927ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳಾದ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಜನಸಮೂಹವನ್ನು ಸೋಂಕು ತಗುಲಬಹುದಾದವರು, ಸೋಂಕಿತರು ಹಾಗೂ ಗುಣಮುಖರಾದವರು ಅಥವಾ ಮೃತಪಟ್ಟವರು ಎಂದು ಮೂರಾಗಿ ವಿಂಗಡಿಸಿ ಲೆಕ್ಕ ಹಾಕಿದರು. ಆ ಮಾದರಿಯನ್ನು ಅವರು ಹೋಲಿಸಿ ನೋಡಿದ್ದು 1905-06ರ ಮುಂಬೈ ಪ್ಲೇಗಿನ ಸಾವಿನ ಅಂಕಿಗಳೊಂದಿಗೆ.

ಅದೇ ಪರಂಪರೆಯ ಮಾದರಿಯೊಂದನ್ನು ಕೊರೊನಾ ಕಾಲದಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ತಜ್ಞರ ಸಮಿತಿ ಬಳಸಿತು. ರೋಗ ಉತ್ತುಂಗ ದಾಟಿದೆ, ಮುನ್ನೆಚ್ಚರಿಕೆ ಮುಂದುವರಿದರೆ 2021ರ ಫೆಬ್ರವರಿ ವೇಳೆಗೆ ಹತೋಟಿಗೆ ಬರಲಿದೆ ಎಂದು 2020ರ ಅಕ್ಟೋಬರ್‌ನಲ್ಲಿ ಅದು ಹೇಳಿತು. ಫೆಬ್ರವರಿಯಲ್ಲಿ ಪ್ರಕರಣಗಳು ಇಳಿದಿದ್ದವೆಂಬುದೂ ನಿಜ. ಆದರೆ ಮೇ 6ರಂದು ಒಂದೇ ದಿನ ವರದಿಯಾದ ಪ್ರಕರಣಗಳು 4 ಲಕ್ಷ ಮೀರಿದವು.

ಎಡವಿದ್ದೆಲ್ಲಿ? ಶೇ 30ರಷ್ಟು ಜನರಿಗೆ ಆಗಲೇ ಸೋಂಕು ತಗುಲಿದೆ ಎಂಬುದು ಸಮಿತಿಯ ಅಂದಾಜು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಗಸ್ಟ್-ಸೆಪ್ಟೆಂಬರ್ ರಕ್ತ ಸಮೀಕ್ಷೆಯಲ್ಲಿ ಕಂಡುಬಂದದ್ದು ಸುಮಾರು ಶೇ 7. ಸೋಂಕಿಗೆ ತುತ್ತಾಗಲು ಇನ್ನೆಷ್ಟು ಜನ ಉಳಿದಿದ್ದಾರೆಂಬ ಮೂಲ ಲೆಕ್ಕವೇ ಬೇರೆಯಾದರೆ ಉತ್ತರವೂ ಬೇರೆಯಾಗುತ್ತದೆ. ಜತೆಗೆ, ವೇಗವಾಗಿ ಹರಡುವ ಡೆಲ್ಟಾ ರೂಪಾಂತರಿ ಬಂದ ಮೇಲೆ ಹರಡುವಿಕೆಯ ಹಳೆಯ ದರವೂ ಉಳಿಯಲಿಲ್ಲ.

ಮಾದರಿಯೆಂಬುದು ಪಂಚಾಂಗವಲ್ಲ, 'ಹೀಗಿದ್ದರೆ ಹೀಗಾದೀತು' ಎಂಬುದಷ್ಟೇ ಅದರ ಮಾತು. ಮೊದಲರ್ಧವನ್ನು ಕೈಬಿಟ್ಟು ಓದಿದರೆ ಅದು ಹುಸಿ ಧೈರ್ಯವನ್ನಷ್ಟೇ ನೀಡುತ್ತದೆ. ಮುಂದಿನ ಸಾಂಕ್ರಾಮಿಕದಲ್ಲಾದರೂ ಸರ್ಕಾರವು ಅಂದಾಜಿನೊಂದಿಗೆ ಅದರ ಷರತ್ತುಗಳನ್ನೂ, ಅಂದಾಜು ತಪ್ಪಿದರೆ ಬೇಕಾಗುವ ಹಾಸಿಗೆ, ಆಮ್ಲಜನಕದ ಲೆಕ್ಕವನ್ನೂ ಜನರ ಮುಂದಿಡಬೇಕಿದೆ.