ಫ್ರೆಂಚರಿಗೆ ಟೂಟೂ ಸಿಕ್ಕಿತು, ನಮ್ಮ ಕುನ್ನಿ ಎಲ್ಲಿ?

ಕನ್ನಡದ ಹುಡುಗರೇ, ಹುಡುಗಿಯರೇ, ಒಮ್ಮೆ ಅಟ್ಟ ಹತ್ತಿ ನೋಡಿ. ಅಲ್ಲೊಂದು ಹಳೇ ಕಂಪ್ಯೂಟರ್ ಧೂಳು ತಿನ್ನುತ್ತಾ ಬಿದ್ದಿರುತ್ತದೆ. ಇಲ್ಲ ಅನ್ನಬೇಡಿ. ನೀವು ಪಿಯುಸಿ ಓದುವಾಗ ಅಪ್ಪ ಕಂತಿನ ಮೇಲೆ ಕೊಡಿಸಿದ್ದು. ಅದಕ್ಕೇನು ರೋಗ? ಒತ್ತಿದರೆ ಅಕ್ಷರ ಬೀಳುತ್ತದೆ, ಪರದೆ ಬೆಳಗುತ್ತದೆ. ಆದರೂ ಅದು ಸತ್ತಿದೆ ಅಂತ ಎಲ್ಲೋ ದೂರದಲ್ಲಿ ಕೂತವರು ತೀರ್ಪು ಬರೆದಾಗಿದೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಎಂದರೆ 4 ಜಿಬಿ ಮೆಮೊರಿ ತಾ, 64 ಜಿಬಿ ಜಾಗ ತಾ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ತಾ, ಪ್ರೊಸೆಸರ್ ನಮ್ಮ ಪಟ್ಟಿಯಲ್ಲೇ ಇರಲಿ! ಇಷ್ಟೆಲ್ಲ ಶರತ್ತು ಹೆಣ್ಣು ನೋಡಲು ಬಂದವರೂ ಹಾಕುವುದಿಲ್ಲ ಸ್ವಾಮಿ. ಗಟ್ಟಿಮುಟ್ಟಾದ ಯಂತ್ರ ಗುಜರಿಗೆ, ನಿಮ್ಮ ಸಂಬಳ ಹೊಸ ಯಂತ್ರಕ್ಕೆ. ನೀವೂ ತಲೆ ಬಾಗಿಸಿ ಸರಿ ಅಂದಿರಿ.

ಸರಿ ಅನ್ನದ ಜನ ಈ ಭೂಮಿಯ ಮೇಲಿದ್ದಾರೆ. ಅವರ ಕತೆ ಕೇಳಿ.

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬ್ಯಾರಿ ಕೌಲರ್ ಎಂಬ ಮನುಷ್ಯ 2003ರಲ್ಲಿ ಒಂದು ಪುಟ್ಟ ಲಿನಕ್ಸ್ ಕಟ್ಟಿದ. ತನ್ನ ಚಿವಾವಾ ನಾಯಿಯ ಹೆಸರನ್ನೇ ಇಟ್ಟ: ಪಪ್ಪಿ. ಅದು ಮೈಯಲ್ಲಿ ಚಿಕ್ಕದು, ಮೊದಮೊದಲ ವರ್ಷಗಳಲ್ಲಿ 100 ಎಂಬಿಯ ಆಜುಬಾಜು. ಅದರ ಗುಟ್ಟು ಸರಳ. ಕಂಪ್ಯೂಟರ್ ಶುರುವಾದಾಗ ಇಡೀ ವ್ಯವಸ್ಥೆ ಮೆಮೊರಿಗೆ ಏರಿ ಕೂರುತ್ತದೆ. ಆಮೇಲೆ ಕುಂಟುವ ಹಾರ್ಡ್ ಡಿಸ್ಕಿನ ಹಂಗಿಲ್ಲ, ಡಿಸ್ಕೇ ಇಲ್ಲದಿದ್ದರೂ ಚಿಂತೆಯಿಲ್ಲ. ಪೆನ್ ಡ್ರೈವ್ ಚುಚ್ಚಿದರೆ ಎದ್ದು ಕೂರುತ್ತದೆ. ನೀವು ಮಾಡಿದ ಬದಲಾವಣೆ, ಬರೆದ ಕಾಗದ ಎಲ್ಲವೂ ಒಂದೇ ಫೈಲಿನಲ್ಲಿ ಉಳಿಯುತ್ತದೆ. ಆ ಫೈಲನ್ನು ಜೇಬಿನಲ್ಲಿಟ್ಟುಕೊಂಡು ಬೇರೆ ಯಂತ್ರಕ್ಕೆ ಹೋಗಬಹುದು.

ಬ್ಯಾರಿ ಕೌಲರ್ ಹತ್ತು ವರ್ಷ ದುಡಿದು 2013ರಲ್ಲಿ ಪಪ್ಪಿಯ ಹೊಣೆ ಇಳಿಸಿದ. ನಮ್ಮಲ್ಲಾಗಿದ್ದರೆ ಏನಾಗುತ್ತಿತ್ತು? ಸಂಸ್ಥಾಪಕ ಹೋದ, ಸಂಘ ಮೂರು ಹೋಳಾಯಿತು, ಲೆಟರ್‌ಹೆಡ್ಡಿಗಾಗಿ ಕೋರ್ಟು! ಅಲ್ಲಿ ಹಾಗಾಗಲಿಲ್ಲ. ಪಪ್ಪಿಯನ್ನು ಕಟ್ಟುವ ಸಲಕರಣೆಗೆ ವೂಫ್ ಅಂತ ಹೆಸರು. ಅಂದರೆ ನಾಯಿಯ ಬೊಗಳು. ಡೆಬಿಯನ್, ಉಬುಂಟು, ಸ್ಲ್ಯಾಕ್‌ವೇರ್ ಭಂಡಾರಗಳಿಂದ ಬೇಕಾದ ಸಾಮಾನು ತಂದು, ಕೊಬ್ಬು ಕರಗಿಸಿ, ಹೊಸ ಪಪ್ಪಿಯನ್ನು ಎರಕ ಹೊಯ್ಯುವ ಅಚ್ಚು ಅದು. ಆ ಅಚ್ಚನ್ನು ಸ್ವಯಂಸೇವಕರು ಕೈಗೆತ್ತಿಕೊಂಡು ವೂಫ್-ಸಿಇ ಮಾಡಿಕೊಂಡರು. 2020ರಲ್ಲಿ ಫೊಸಾಪಪ್, 2023ರಲ್ಲಿ ಬುಕ್‌ವರ್ಮ್‌ಪಪ್ ಅಲ್ಲಿಂದಲೇ ಹುಟ್ಟಿದವು. ಕಟ್ಟಿದವರಿಗೆ ಸಂಬಳವೂ ಇಲ್ಲ, ಸನ್ಮಾನವೂ ಇಲ್ಲ, ಶಾಲು ಮೈಸೂರು ಪೇಟ ಯಾವುದೂ ಇಲ್ಲ.

ಗ್ರೀಸ್ ದೇಶದಿಂದ ನಡೆಯುವ ಆಂಟಿಎಕ್ಸ್ ಇನ್ನೊಂದು. ಅದರ ಆವೃತ್ತಿಗಳಿಗೆ ಹೋರಾಟಗಾರರ ಹೆಸರಿಡುತ್ತಾರೆ. 2019ರ ಆವೃತ್ತಿಗೆ ಹಿಂದಿನ ವರ್ಷ ಗುಂಡೇಟಿಗೆ ಬಲಿಯಾದ ಬ್ರೆಜಿಲ್‌ನ ಮರಿಯೆಲೆ ಫ್ರಾಂಕೊ ಹೆಸರು. ಹೆಸರಿಟ್ಟು ಕೈ ತೊಳೆದುಕೊಳ್ಳುವ ಜನ ಅವರಲ್ಲ. ಉಬುಂಟು 2017ರಲ್ಲೇ 32 ಬಿಟ್ ಡೆಸ್ಕ್‌ಟಾಪ್ ಪ್ರತಿ ನಿಲ್ಲಿಸಿತು. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ ಹಳೇ 32 ಬಿಟ್ ಪಿಸಿಗಳಿಗೆ ಕರ್ನೆಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಅಂಥ ಯಂತ್ರ ಉಳಿಯಬೇಕಾದರೆ ಯಾರಾದರೂ ಕರ್ನೆಲ್ ತಾವೇ ಕಟ್ಟಬೇಕು, ಹದಿನೈದು ವರ್ಷದ ವೈಫೈ ಚಿಪ್ಪಿಗೆ ಫರ್ಮ್‌ವೇರ್ ಹುಡುಕಬೇಕು, ಮಲಗಿಸಿದ ಲ್ಯಾಪ್‌ಟಾಪ್ ಮತ್ತೆ ಏಳುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡಬೇಕು. ಇದು ಮೈಕ್ ಹಿಡಿಯುವ ಕೆಲಸ ಅಲ್ಲ, ಕಳೆ ಕೀಳುವ ಕೆಲಸ.

ಈಗ ಅಸಲು ಮಾತಿಗೆ ಬರುತ್ತೇನೆ. ಪಪ್ಪಿ ಇಂಗ್ಲಿಷಿನ ಮನೆಯಲ್ಲಿ ಹುಟ್ಟಿದ್ದು. ಫ್ರೆಂಚರು ಗೋಳಾಡಿದರೇ? ಇಲ್ಲ. ಅದನ್ನೇ ಎತ್ತಿಕೊಂಡು ಹೋಗಿ ಫ್ರೆಂಚ್ ಕಲಿಸಿ ಟೂಟೂ ಲಿನಕ್ಸ್ ಎಂದು ಕರೆದರು. ಟೂಟೂ ಅಂದರೆ ಅವರ ಮಕ್ಕಳು ನಾಯಿಗೆ ಅನ್ನುವ ಮುದ್ದಿನ ಮಾತು. ಜಪಾನೀಯರೂ ತಮ್ಮದನ್ನು ಮಾಡಿಕೊಂಡರು. ಕನ್ನಡದ ಕುನ್ನಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಸಾಫ್ಟ್‌ವೇರ್ ರಾಜಧಾನಿ ಅಂತ ಎದೆ ತಟ್ಟಿಕೊಳ್ಳುವ ಊರಿನವರು ನೀವು!

ಹಗುರ ಮಾಡಲು ಕೂತಾಗ ಕತ್ತರಿ ಮೊದಲು ಬೀಳುವುದು ಭಾಷೆಗಳ ಮೇಲೆ. ಫಾಂಟ್ ತೆಗೆ, ಅನುವಾದದ ಫೈಲ್ ತೆಗೆ, ಜಾಗ ಉಳಿಸು. ಒಂದು ಕನ್ನಡ ಫಾಂಟಿನ ತೂಕ ಒಂದು ಎಂಬಿಯೂ ಇಲ್ಲ, ನಿಮ್ಮ ಫೋನಿನ ಒಂದು ಸೆಲ್ಫಿ ಅದಕ್ಕಿಂತ ಭಾರ. ಆದರೂ ಕನ್ನಡ ಹೋಗುತ್ತದೆ. ಇದನ್ನು ಕನ್ನಡ ವಿರೋಧಿ ಪಿತೂರಿ ಅಂತ ಬೋರ್ಡಿಗೆ ಮಸಿ ಬಳಿಯಲು ಹೊರಡಬೇಡಿ. ಅಲ್ಲಿ ಕನ್ನಡದ ದ್ವೇಷ ಇಲ್ಲ. ಅಲ್ಲಿ ನೀವಿಲ್ಲ. ಕತ್ತರಿ ಹಿಡಿದವನ ಕೈ ತಡೆದು ‘ಇದು ಇರಲಿ, ಇದನ್ನು ನಾನು ನೋಡಿಕೊಳ್ಳುತ್ತೇನೆ’ ಅನ್ನಲು ಒಬ್ಬ ಕನ್ನಡಿಗ ಆ ಮೇಜಿನ ಮುಂದೆ ಕೂತಿಲ್ಲ.

ಫಾಂಟ್ ತುರುಕಿದರೆ ಸಾಕೇ? ಸಾಲದು. ಇಂಗ್ಲಿಷಿನ ಅಕ್ಷರ ಸಾಲಾಗಿ ನಿಲ್ಲುತ್ತದೆ. ನಮ್ಮದು ಹಾಗಲ್ಲ. ಗುಣಿತ ಏರಬೇಕು, ಒತ್ತಕ್ಷರ ಇಳಿಯಬೇಕು, ಅರ್ಕಾವೊತ್ತು ಹಿಂದಿನಿಂದ ಮುಂದಕ್ಕೆ ಹಾರಬೇಕು. ಈ ಜೋಡಣೆ ಮಾಡುವ ಹಾರ್ಫ್‌ಬಜ್, ಪ್ಯಾಂಗೊ ಎಂಬ ಲೈಬ್ರರಿಗಳಿವೆ. ಹಗುರ ಲಿನಕ್ಸುಗಳ ಕೆಲವು ಹಳೇ ಪುಟ್ಟ ಪ್ರೋಗ್ರಾಂಗಳು ಇವನ್ನು ಕೇಳದೆ ಎಕ್ಸ್‌ಎಫ್‌ಟಿ ಮೂಲಕ ನೇರ ಅಕ್ಷರ ಬಿಡಿಸುತ್ತವೆ. ಆಗ ‘ಸ್ವಾತಂತ್ರ್ಯ’ ಅನ್ನುವ ಪದ ಪರದೆಯ ಮೇಲೆ ಕೈಕಾಲು ಮುರಿದು ಬಿದ್ದಿರುತ್ತದೆ. ಬ್ರೌಸರಿನಲ್ಲಿ ಕನ್ನಡ ಸರಿಯಾಗಿ ಕಂಡು ಮೆನುವಿನಲ್ಲಿ ಹಾಳಾಗುವುದು ಇದಕ್ಕೇ. ಮಿಸಿಸಿಪ್ಪಿ ದಡದಲ್ಲಿ ಕೂತವನಿಗೆ ಇದು ಹೇಗೆ ಗೊತ್ತಾಗಬೇಕು? ‘ಸಾಫ್ಟ್‌ವೇರ್’ ಬರೆಯುವಾಗ ಟಕಾರದ ಕೆಳಗೆ ವಕಾರ ಒತ್ತಾಗಿ ಇಳಿಯಬಾರದು, ನಡುವೆ ಕಣ್ಣಿಗೆ ಕಾಣದ ಒಂದು ಬೇರ್ಪಡಕ ಬೇಕು ಅಂತ ಹೇಳಬಲ್ಲವರು ಯಾರು? ನೀವು. ಹೇಳಿದ್ದೀರಾ?

‘ಶೂನ್ಯದಿಂದ ಶುರು ಮಾಡಲು ನಮಗೆಲ್ಲಿ ಪುರುಸೊತ್ತು’ ಅನ್ನುತ್ತೀರಿ. ಶೂನ್ಯ ಅಂದವರು ಯಾರು? ಕಿನ್ನಿಕಂಬಳ ಪದ್ಮನಾಭ ರಾವ್ ರೂಪಿಸಿದ ಕೀಲಿ ವಿನ್ಯಾಸವನ್ನೇ ನೀವು ‘ನುಡಿ’ಯಲ್ಲಿ ಒತ್ತುವುದು. ಅದು ಕೆಜಿಪಿ ಹೆಸರಿನಲ್ಲಿ ಲಿನಕ್ಸಿನ ಎಂ17ಎನ್ ಭಂಡಾರದಲ್ಲಿದೆ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಎಂಬ ಫಾಂಟುಗಳಿವೆ. 2011ರ ಡೆಬಿಯನ್ 6ರಲ್ಲೇ ಇನ್‌ಸ್ಟಾಲರಿನ ಚಿತ್ರರೂಪಕ್ಕೆ ಕನ್ನಡ ಬಂತು. ಯಾರೋ ನಿಮ್ಮಂಥವರೇ ರಾತ್ರಿ ನಿದ್ದೆಗೆಟ್ಟು ಮಾಡಿದ ಕೆಲಸ ಇದು. ಅನ್ನ ಬೆಂದಿದೆ, ಸಾರು ಕುದಿದಿದೆ. ಎಲೆ ಹಾಕಿ ಬಡಿಸುವವರಿಲ್ಲ.

‘ಫೋನಿನಲ್ಲಿ ಕನ್ನಡ ಇದೆಯಲ್ಲ, ಸಾಕು’ ಅನ್ನುವವರೂ ಇದ್ದಾರೆ. ಇದೆ, ನಿಜ. ಅದು ಕಂಪನಿಯ ದಯೆಯಿಂದ ಇದೆ. ಆ ಪದ ಸರಿಯಿಲ್ಲ, ಈ ಅಕ್ಷರ ಮುರಿದಿದೆ ಅಂತ ಬಿಚ್ಚಿ ತಿದ್ದಲು ನಿಮಗೆ ಅಧಿಕಾರ ಕೊಟ್ಟಿದ್ದಾರೆಯೇ? ಪಪ್ಪಿಯಲ್ಲಿ, ಆಂಟಿಎಕ್ಸಿನಲ್ಲಿ ಆ ಅಧಿಕಾರ ಲೈಸೆನ್ಸಿನಲ್ಲೇ ಬರೆದಿದೆ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಕೇಳಬೇಕು, ಗೊತ್ತಲ್ಲ?

ಇನ್ನು ನಮ್ಮ ಹಳೇ ಕಾಯಿಲೆ. ಕೂಸು ಹುಟ್ಟುವ ಮುಂಚೆ ಕುಲಾವಿ! ನಾಳೆಯೇ ನಾಲ್ಕು ಜನ ಸೇರಿ ‘ಕನ್ನಡಾಂಬೆ ಲಿನಕ್ಸ್’ ಅಂತ ಹೆಸರಿಟ್ಟು, ಕೆಂಪು ಹಳದಿ ವಾಲ್‌ಪೇಪರ್ ಹಾಕಿ, ಮಂತ್ರಿಯನ್ನು ಕರೆಸಿ ಸಿಡಿ ಬಿಡುಗಡೆ ಮಾಡಿಸಬಹುದು. ಒಂದು ವರ್ಷ ಬಿಟ್ಟು ನೋಡಿದರೆ ಭದ್ರತೆಯ ತೇಪೆ ಹಚ್ಚುವವರಿಲ್ಲದೆ ಅದು ಹಾಳು ಬಾವಿ. ದಯವಿಟ್ಟು ಅದು ಬೇಡ. ತೇಪೆ ಹಚ್ಚುವ ಕೆಲಸ ಡೆಬಿಯನ್ ಮಾಡುತ್ತಿದೆ, ಮಾಡಲಿ. ನೀವು ಅದರ ಮೇಲೆ ಕೂತು ಕನ್ನಡದ ಪಾಲು ನೋಡಿಕೊಳ್ಳಿ. ಫಾಂಟ್, ಕೀಲಿಮಣೆ, ಮೆನು ಸರಿಪಡಿಸಿ ಮೂಲಕ್ಕೇ ಕಳಿಸಿ. ಆಗ ಅದು ಮುಂದಿನ ಎಲ್ಲ ಆವೃತ್ತಿಗಳಲ್ಲೂ ಬರುತ್ತದೆ, ನೀವು ಕೆಲಸ ಬದಲಿಸಿ ಬೇರೆ ದೇಶಕ್ಕೆ ಹೋದರೂ ಬರುತ್ತದೆ. ಕೇರಳದವರನ್ನು ನೋಡಿ ಹೊಟ್ಟೆ ಉರಿದುಕೊಳ್ಳಿ, ತಪ್ಪಿಲ್ಲ. ಅಲ್ಲಿ 2002ರಿಂದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್‌ನ ಸ್ವಯಂಸೇವಕರು ದುಡಿದಿದ್ದಾರೆ, ಸರ್ಕಾರಿ ಶಾಲೆಗಳಿಗೆ ಉಬುಂಟು ಆಧಾರದ ಸ್ವಂತ ಲಿನಕ್ಸೇ ಇದೆ.

ಅನುವಾದದ ಬಗ್ಗೆ ಒಂದು ಮಾತು, ಕೆಲವರಿಗೆ ಖಾರವಾಗಬಹುದು. ‘ಅನುಸ್ಥಾಪಿಸು’, ‘ಅನ್ವಯಗಳು’ ಅಂತೆಲ್ಲ ಪರದೆಯ ಮೇಲೆ ಬರೆದರೆ ಕನ್ನಡದ ಹುಡುಗನೇ ಹೆದರಿ ಇಂಗ್ಲಿಷಿಗೆ ಓಡುತ್ತಾನೆ. ಹಾಕು, ತೆಗೆ, ಉಳಿಸು, ಅಳಿಸು, ಮುಚ್ಚು ಇವೆಲ್ಲ ಏನು ಪಾಪ ಮಾಡಿದ್ದವು? ಫೈಲ್ ಫೈಲಾಗಿಯೇ ಇರಲಿ. ನಿಮ್ಮ ಅಮ್ಮ ಓದಿ ಅರ್ಥ ಮಾಡಿಕೊಳ್ಳದ ಪದ ಮೆನುವಿನಲ್ಲಿ ಬೇಡ.

ಕೆಲಸ ಬಹಳ ಸಣ್ಣದರಿಂದ ಶುರುವಾಗುತ್ತದೆ. ಅನುವಾದದ ಪಿಒ ಫೈಲ್ ತೆರೆದರೆ ಮೇಲೊಂದು ಸಾಲು ಇಂಗ್ಲಿಷ್, ಕೆಳಗೊಂದು ಸಾಲು ಖಾಲಿ. ಆ ಖಾಲಿ ಸಾಲು ನಿಮ್ಮದು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕ್ಯಾಬಿನಲ್ಲಿ ಕೂತು ಇಪ್ಪತ್ತು ಸಾಲು ತುಂಬಬಹುದು. ಪ್ರೋಗ್ರಾಂ ಬರೆಯಲು ಬರಲೇಬೇಕೆಂದಿಲ್ಲ. ಬರುವವರು ಮುರಿದ ಮೆನು ಹಿಡಿಯಿರಿ.

ಈ ಭಾನುವಾರ ಅಟ್ಟದಿಂದ ಯಂತ್ರ ಇಳಿಸಿ. ಆಂಟಿಎಕ್ಸ್ ಅಥವಾ ಪಪ್ಪಿಯನ್ನು ಪೆನ್ ಡ್ರೈವಿಗೆ ಬರೆದು ಎಬ್ಬಿಸಿ. ಗುಬ್ಬಿ ಫಾಂಟ್ ಹಾಕಿ, ಕೆಜಿಪಿ ಕೀಲಿಮಣೆ ಹಾಕಿ. ನಾಲ್ಕು ಪದ ಒತ್ತಿ: ಸ್ತ್ರೀ, ಸೂರ್ಯ, ಸ್ವಾತಂತ್ರ್ಯ, ಸಾಫ್ಟ್‌ವೇರ್. ಬರೆದದ್ದನ್ನು ಒಂದು ಫೈಲಿನ ಹೆಸರಾಗಿ ಉಳಿಸಿ, ಆ ಹೆಸರು ಕಿಟಕಿಯ ತಲೆಪಟ್ಟಿಯಲ್ಲಿ ಹೇಗೆ ಕಾಣುತ್ತದೆ ನೋಡಿ. ಯಾವ ಪದ ಎಲ್ಲಿ ಮುರಿಯಿತು, ಯಾವ ಯಂತ್ರ, ಯಾವ ಆವೃತ್ತಿ, ಬರೆದುಕೊಳ್ಳಿ. ಪರದೆಯ ಚಿತ್ರ ತೆಗೆದು ಕಟ್ಟುವವರಿಗೆ ಕಳಿಸಿ. ಅವರು ಇಂಗ್ಲಿಷಿನಲ್ಲಿ ಮರುಪ್ರಶ್ನೆ ಕೇಳುತ್ತಾರೆ. ಉತ್ತರ ಕೊಡಿ, ಎರಡನೇ ಸಲ ಕೇಳಿದರೂ ಕೊಡಿ.